ಕೊಂಡುಕುರಿ ನೀರಿಗೆ ಬರೋ ಜಾಗ

ನಿಜಲಿಂಗಪ್ಪ ಬಡಾವಣೆಯಲ್ಲಿ ಇರೋರಿಗೆ ಭಾನುವಾರ ಬೆಣ್ಣೆದೋಸೆ ಮುಗಿಸಿ ಬೈಕ್ ಹತ್ತಿದರೆ ಒಳ್ಳೆ ದಾರಿ ಅಂದ್ರೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ್ದು. ನಾಲ್ಕು ಕೊಂಬಿನ ಕೊಂಡುಕುರಿಗಾಗಿ 2011ರಲ್ಲಿ ವನ್ಯಜೀವಿಧಾಮವಾದ ಕುರುಚಲು ಕಾಡು. ಕೊಂಡುಕುರಿ ನೀರು ಬಿಟ್ಟು ಬಹಳ ದೂರ ಹೋಗಲ್ಲ. ಬೇಸಿಗೆಯಲ್ಲಿ ಇಂಥ ಒಣಕಾಡಿನ ಹೊಂಡಗಳಿಗೆ ಹಳ್ಳಿ ದನಾನೂ ಬರುತ್ತೆ, ಕಾಡುಪ್ರಾಣೀನೂ ಬರುತ್ತೆ.

ದನದ ಕ್ಷಯ ದಾಟೋದು ಇಂಥ ಕಡೆಯೇ. ಮೂತಿಗೆ ಮೂತಿ ತಾಗಬೇಕಂತಿಲ್ಲ. ರೋಗದ ಜೊಲ್ಲು ಬಿದ್ದ ಮೇವು, ನೀರು ಸಾಕು. ನೆರಳು, ತೇವ ಸಿಕ್ಕರೆ ರೋಗಾಣು ವಾರಗಟ್ಟಲೆ ಉಳಿಯುತ್ತೆ. ಅಮೆರಿಕದ ಮಿಷಿಗನ್‌ನಲ್ಲಿ ಬೇಟೆಗಾರರು ರಾಶಿ ಸುರಿದ ಮೇವಿಗೆ ಜಿಂಕೆಗಳು ಗುಂಪುಗೂಡಿ ರೋಗ ಹಬ್ಬಿತು, ಅಲ್ಲಿಂದ ಕೊಟ್ಟಿಗೆಗೂ ಬಂತು. ದಕ್ಷಿಣ ಆಫ್ರಿಕಾದ ಕ್ರೂಗರ್‌ನಲ್ಲಿ ಉಲ್ಟಾ: ದನದಿಂದ ಕಾಡೆಮ್ಮೆಗೆ, ಕಾಡೆಮ್ಮೆ ತಿಂದ ಸಿಂಹಕ್ಕೆ. ಬೈಯೋದು ಮಾತ್ರ ಯಾವಾಗಲೂ ಕಾಡುಪ್ರಾಣೀನೇ!

ಹಾಗಾಗಿ ಕಾಡಂಚಲ್ಲಿ ಫೋಟೋ ಆಸೆಗೆ ಬಿಸ್ಕತ್ತು, ಉಳಿದ ಊಟ ಸುರಿಯಬೇಡಿ. ದಾರೀಲಿ ಯಾರಾದ್ರೂ ಪ್ರೀತಿಯಿಂದ ನೊರೆಹಾಲು ಕೊಟ್ಟರೆ, ‘ಸ್ವಲ್ಪ ಕಾಸಿ ಕೊಡ್ರೀ ಅಕ್ಕಾ’ ಅನ್ನಿ. ದನದ ಕ್ಷಯ ಮನುಷ್ಯರಿಗೆ ಹೆಚ್ಚಾಗಿ ಬರೋದು ಹಸಿಹಾಲಿಂದ. ಒಂದು ಉಕ್ಕು ಬಂದರೆ ರೋಗಾಣು ಸಾಯುತ್ತೆ.