ಅರ್ಥಶಾಸ್ತ್ರದಲ್ಲಿ ಗಣಿತದ ಪಾಲು

ಭೀಮಾತೀರದ ಸನ್ನತಿಯಿಂದಲೋ ಸೇಡಂ ಚಿತ್ತಾಪುರಗಳ ಹಳ್ಳಿಗಳಿಂದಲೋ ಹೊರಟು, 1980ರಲ್ಲಿ ಸ್ಥಾಪಿತವಾದ ಗುಲ್ಬರ್ಗಾ ವಿಶ್ವವಿದ್ಯಾಲಯಕ್ಕಾಗಲಿ, 2009ರಲ್ಲಿ ಹುಟ್ಟಿ ಕಡಗಂಚಿಯಲ್ಲಿ ನೆಲೆಸಿರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕಾಗಲಿ ಅರ್ಥಶಾಸ್ತ್ರವನ್ನೋದಲು ಹೋಗುವ ವಿದ್ಯಾರ್ಥಿಯು ಹಿರಿಯ ವಿದ್ಯಾರ್ಥಿಗಳನ್ನು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಅಣ್ಣಾ, ಯಾವ ಪೇಪರಿನ್ಯಾಗ ಲೆಕ್ಕ ಕಮ್ಮಿ ಅದಾವ?”

ಈ ಪ್ರಶ್ನೆಗೆ ನಗುವವರು ಅದರ ಕಾರಣವನ್ನರಿಯರು. ಪದವಿಪೂರ್ವ ತರಗತಿಯಲ್ಲಿ ಕಲಾವಿಭಾಗವನ್ನು ಹಿಡಿದವನಿಗೆ ಹತ್ತನೆಯ ತರಗತಿಯೊಡನೆಯೇ ಗಣಿತದ ಋಣವು ಹರಿದಿರುವುದು. ಐದಾರು ವರ್ಷಗಳ ತರುವಾಯ ಅದೇ ಗಣಿತವು ಗ್ರೀಕ್ ಅಕ್ಷರಗಳ ವೇಷ ತೊಟ್ಟು ಎದುರಿಗೆ ನಿಂತರೆ ಎದೆ ನಡುಗದೆ ಇದ್ದೀತೆ? ತೊಗರಿ ಮಾರಿದ ಹಣದಿಂದ ಶುಲ್ಕ ಕಟ್ಟಿದ ತಂದೆಯ ಮುಖವೂ ಆಗ ಕಣ್ಣಮುಂದೆ ಸುಳಿಯುವುದು.

ಆದರೆ ಪತ್ರಿಕೆಗಳನ್ನು ಹೆಸರಿನಿಂದ ಅಳೆಯುವುದು ಅಪಾಯಕರ. ‘ಸೂಕ್ಷ್ಮ ಅರ್ಥಶಾಸ್ತ್ರ’ವೆಂಬ ಹೆಸರಿನಲ್ಲಿ ಗಣಿತದ ಸುಳಿವೇ ಇಲ್ಲ, ಒಳಹೊಕ್ಕರೆ ಮೇಲಿನ ತರಗತಿಗಳಲ್ಲಿ ಹೆಜ್ಜೆಹೆಜ್ಜೆಗೂ ಕಲನಶಾಸ್ತ್ರ. ‘ಕ್ರೀಡಾಸಿದ್ಧಾಂತ’ವೆಂದರೆ ಹುಡುಗರು ಬೆದರುವರು, ಅದರ ಆರಂಭದ ಪಾಠಗಳಿಗೆ ಬೇಕಾದುದು ಕೂಡು-ಕಳೆಯುವ ಲೆಕ್ಕಕ್ಕಿಂತ ಹೆಚ್ಚಾಗಿ ಎದುರಾಳಿಯು ಏನೆಣಿಸುವನೆಂಬುದನ್ನು ಕ್ರಮವಾಗಿ ಊಹಿಸುವ ಬುದ್ಧಿ. ತರ್ಕಸಂಗ್ರಹವನ್ನೋದಿದ ಪಾಠಶಾಲೆಯ ವಟುವಿಗೆ ಅದು ರುಚಿಸಲೇಬೇಕು. ‘ಅರ್ಥಮಿತಿ’ಯಲ್ಲಿ ಸಂಭಾವ್ಯತೆಯೂ ಮಾತೃಕೆಗಳೂ ಉಂಟು, ಗುಣಾಕಾರ ಭಾಗಾಕಾರಗಳನ್ನು ಗಣಕಯಂತ್ರವೇ ಮಾಡಿಕೊಡುವುದು, ಯಾವ ಊಹೆ ಎಲ್ಲಿ ಮುರಿದುಬೀಳುವುದೆಂಬುದನ್ನು ಮಾತ್ರ ಅದು ಹೇಳದು. ‘ಅಭಿವೃದ್ಧಿ ಅರ್ಥಶಾಸ್ತ್ರ’ವು ಒಂದು ಕಾಲಕ್ಕೆ ಬಹುಮಟ್ಟಿಗೆ ಕಥನರೂಪದ ವಿಷಯವಾಗಿತ್ತು. 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೇಲ್ ಕ್ರೇಮರ್ ಇವರಿಗೆ ನೊಬೆಲ್ ಪಾರಿತೋಷಿಕ ತಂದ ಕ್ಷೇತ್ರಪ್ರಯೋಗಗಳ ಮಾರ್ಗವು ಸಂಖ್ಯಾಶಾಸ್ತ್ರವನ್ನು ಅದರೊಳಗೆ ಆಳವಾಗಿ ತಂದಿದೆ.

ಗಣಿತವೆಂದು ಹೆದರುವ ವಸ್ತುವಾದರೂ ಎಂಥದು? ಒಂದು ಹೊಲಕ್ಕೆ ಒಂದು ಚೀಲ ಗೊಬ್ಬರ ಹಾಕಿದರೆ 3 ಕ್ವಿಂಟಲ್ ತೊಗರಿ, ಎರಡು ಚೀಲಕ್ಕೆ 5, ಮೂರು ಚೀಲಕ್ಕೆ 6 ಎಂದಿಟ್ಟುಕೊಂಡರೆ, ಎರಡನೆಯ ಚೀಲ ತಂದ ಹೆಚ್ಚಳ 2, ಮೂರನೆಯದು ತಂದುದು 1. ಆ ಒಂದು ಕ್ವಿಂಟಲಿನ ಬೆಲೆಯು ಮೂರನೆಯ ಚೀಲದ ಖರ್ಚಿಗಿಂತ ಮಿಗಿಲಾದರೆ ರೈತನು ಅದನ್ನು ಹಾಕುವನು, ಇಲ್ಲವಾದರೆ ಬಿಡುವನು. ಸೀಮಾಂತ ಉತ್ಪನ್ನವೆಂಬುದು ಇದೇ. ಚೀಲವನ್ನು ಸೇರಾಗಿ, ಸೇರನ್ನು ಚಿಟಿಕೆಯಾಗಿ ಸೂಕ್ಷ್ಮಗೊಳಿಸುತ್ತ ಹೋದರೆ ಅವಕಲನವು ತಾನಾಗಿ ಒದಗುವುದು. ತಂದೆಯು ಹೊಲದ ಬದುವಿನ ಮೇಲೆ ಕುಳಿತು ಬೆರಳೆಣಿಸಿ ಮಾಡುವ ಲೆಕ್ಕಕ್ಕೆ ಮಗನು ಕಾಲೇಜಿನಲ್ಲಿ ಅಂಜುವುದು ವಿಚಿತ್ರವೇ ಸರಿ.

ಹಾಗೆಂದು ಎಲ್ಲವೂ ಸುಲಭವೆಂದು ಬೆನ್ನು ತಟ್ಟುವುದೂ ವಂಚನೆಯೇ. ಪತ್ರಿಕೆಯ ಭಾರವನ್ನರಿಯಲು ಹಿಂದಿನ ಮೂರು ವರ್ಷಗಳ ಪ್ರಶ್ನಪತ್ರಿಕೆಗಳನ್ನು ಮುಂದಿಟ್ಟುಕೊಂಡು, ‘ವಿವರಿಸಿರಿ’ ಎಂಬ ಪ್ರಶ್ನೆಗಳಿಗೆಷ್ಟು ಅಂಕ, ‘ಸಾಧಿಸಿರಿ’, ‘ಕಂಡುಹಿಡಿಯಿರಿ’ ಎಂಬವುಗಳಿಗೆಷ್ಟು ಎಂದು ಬೇರ್ಪಡಿಸಿ ನೋಡಬೇಕು. ನಿಯತ ಗ್ರಂಥದ ಮೊದಲ ಅಧ್ಯಾಯವು ಎಲ್ಲರನ್ನೂ ಆದರದಿಂದ ಕರೆಯುವುದು. ನಡುವಿನ ಅಧ್ಯಾಯವನ್ನು ತೆರೆದರೆ ನಿಜ ತಿಳಿಯುವುದು. ಈ ಕ್ರಮದಲ್ಲಿ ಆಲ್ಫ್ರೆಡ್ ಮಾರ್ಷಲನು ಉದಾರಿ. 1890ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ರೇಖಾಚಿತ್ರಗಳನ್ನು ಅಡಿಟಿಪ್ಪಣಿಗಳಿಗೂ ಬೀಜಗಣಿತವನ್ನು ಅನುಬಂಧಕ್ಕೂ ಸರಿಸಿದನು. 1947ರಲ್ಲಿ ಸ್ಯಾಮ್ಯುಯೆಲ್ಸನ್ನನ ಗ್ರಂಥವು ಬಂದುದೇ ತಡ, ಗಣಿತವು ಅನುಬಂಧದಿಂದೆದ್ದು ಪಡಸಾಲೆಯಲ್ಲಿ ಕುಳಿತಿತು.

ಲೆಕ್ಕವಿಲ್ಲದ ಪತ್ರಿಕೆಗಳನ್ನೇ ಆರಿಸಿ ಪದವಿ ಪಡೆದವನಿಗೆ ತೊಡಕು ಬರುವುದು ಆಮೇಲೆ. 1961ರಲ್ಲಿ ರಚಿತವಾದ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಯಲ್ಲಿ ಸಂಖ್ಯಾಶಾಸ್ತ್ರವೂ ಅರ್ಥಮಿತಿಯೂ ಉಂಟು; ಆ ಬಾಗಿಲು ಇಂಥವನಿಗೆ ಬಹುತೇಕ ಮುಚ್ಚಿದಂತೆಯೇ. ಸೇಡಂ ತಾಲ್ಲೂಕಿನ ಮಳಖೇಡವು ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿದ್ದ ಮಾನ್ಯಖೇಟ. ಆ ದೊರೆಯನ್ನು ಸ್ತುತಿಸಿ ಮಹಾವೀರಾಚಾರ್ಯನು ಒಂಬತ್ತನೆಯ ಶತಮಾನದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ಬಡ್ಡಿಯ ಲೆಕ್ಕವೂ ಪಾಲುಗಾರರ ಲಾಭಹಂಚಿಕೆಯೂ ಶ್ಲೋಕಗಳಲ್ಲಿವೆ. ಆ ನೆಲದ ಮಕ್ಕಳಿಗೆ ಲೆಕ್ಕವು ಪರದೇಶದ ಸರಕಲ್ಲ.

ಪ್ರವೇಶಕ್ಕೆ ಮುಂಚಿನ ಬೇಸಗೆಯಲ್ಲಿ ಪದವಿಪೂರ್ವ ಗಣಿತದಿಂದ ಫಲನ, ಅವಕಲನ, ಮಾತೃಕೆ, ಸಂಭಾವ್ಯತೆ ಈ ನಾಲ್ಕು ಅಧ್ಯಾಯಗಳನ್ನು ದಿನಕ್ಕೆ ಒಂದೆರಡು ಗಂಟೆಯಂತೆ ಬಿಡಿಸಿದರೆ ಮೊದಲ ಅರ್ಧವರ್ಷವನ್ನು ದಾಟಬಹುದು. ಅರ್ಧವರ್ಷಕ್ಕೆ ಗಣಿತದ ಪತ್ರಿಕೆ ಒಂದಿರಲಿ, ಬರವಣಿಗೆಯವು ಎರಡಿರಲಿ; ಮೂರನ್ನೂ ಗಣಿತಮಯವಾಗಿ ಆರಿಸುವ ಹಠವು ಆ ಹೊತ್ತಿಗೆ ಬೇಡ.