ಅಮ್ಮ, ಡ್ಯಾನ್ಯೂಬ್ ಮತ್ತು ಬಿಯರ್ ಜಾತ್ರೆ

ಮೊದಲೇ ಒಪ್ಪಿಕೊಂಡುಬಿಡ್ತೀನಿ. ನಾನು ಅಮ್ಮನನ್ನು ಯುರೋಪಿಗೆ ಕರೆದುಕೊಂಡು ಹೋಗಿದ್ದು ಒಂದು ಸುಳ್ಳು ಹೇಳಿ. "ಏಳು ದಿನ ಹೊಳೆ ಮೇಲೆ ಹಡಗಲ್ಲಿ ಹೋಗೋದು, ಕೊನೇಲಿ ಮ್ಯೂನಿಕ್ ಅಂತ ಒಂದೂರು, ಅಲ್ಲಿ ಒಂದು ಜಾತ್ರೆ ನೋಡ್ಕೊಂಡು ವಾಪಸ್ಸು" ಅಂದಿದ್ದೆ. ಜಾತ್ರೆ ಅನ್ನೋದೇನೋ ನಿಜ. ಯಾವ ಜಾತ್ರೆ ಅಂತ ಮಾತ್ರ ಹೇಳಿರಲಿಲ್ಲ.

ಯಾಕೆ ಹೇಳಲಿಲ್ಲ ಅಂದ್ರೆ, ನಮ್ಮಪ್ಪ ಕುಡೀತಿದ್ರು. ಸ್ವಲ್ಪ ಅಲ್ಲ. 2011ರಲ್ಲಿ ಹೋದ್ರು, ಲಿವರ್ ಕೆಟ್ಟು. ಅಲ್ಲಿಂದೀಚೆಗೆ ಮನೆಯಲ್ಲಿ ಆ ವಿಷಯವನ್ನು ಯಾರೂ ಎತ್ತೋದಿಲ್ಲ. ಟಿವಿಯಲ್ಲಿ ಬಾಟ್ಲಿ ಕಂಡರೂ ಅಮ್ಮ ಎದ್ದು ಅಡುಗೆಮನೆಗೆ ಹೋಗ್ತಾಳೆ. ಅಂಥವಳನ್ನು ಆಕ್ಟೋಬರ್‌ಫೆಸ್ಟಿಗೆ ಕರೆದುಕೊಂಡು ಹೋಗೋ ಪ್ಯಾಕೇಜ್ ಬುಕ್ ಮಾಡಿದ ಮಗನಿಗೆ ಏನನ್ನಬೇಕೋ ನೀವೇ ಹೇಳಿ. ಬೇರೆ ಪ್ಯಾಕೇಜ್ ಇರಲಿಲ್ವಾ ಅಂದ್ರೆ ಇತ್ತು. ನನಗೆ ಅದನ್ನು ನೋಡಬೇಕಿತ್ತು, ಅಷ್ಟೆ.

2023ರ ಸೆಪ್ಟೆಂಬರ್ 18ಕ್ಕೆ ಬುಡಾಪೆಸ್ಟಿನಲ್ಲಿ ಹಡಗು ಹತ್ತಿದೆವು. ಹಡಗು ಅಂದ್ರೆ ಸಮುದ್ರದ ಹಡಗಿನ ಹಾಗೆ ಹತ್ತಂತಸ್ತಿನ ಬಂಗಲೆ ಅಲ್ಲ. ನೂರು ಮೀಟರಿಗೂ ಉದ್ದ, ಆದರೆ ಅಗಲ ಹನ್ನೊಂದೂವರೆ ಮೀಟರಿಗಿಂತ ಕಡಿಮೆ. ಯಾಕೆ ಹೀಗೆ ಪಡವಲಕಾಯಿ ಥರ ಕಟ್ಟಿದ್ದಾರೆ ಅಂತ ವಿಚಾರಿಸಿದೆ. 1992ರಲ್ಲಿ ಪೂರ್ತಿಯಾದ ರೈನ್-ಮೈನ್-ಡ್ಯಾನ್ಯೂಬ್ ಕಾಲುವೆಯ ಲಾಕ್‌ಗಳ ಅಗಲ 12 ಮೀಟರ್ ಮಾತ್ರ, ಅಲ್ಲಿ ತೂರಬೇಕಲ್ಲ. ಎತ್ತರಕ್ಕೆ ಸೇತುವೆಗಳ ಲೆಕ್ಕ. ತಗ್ಗಿನ ಸೇತುವೆ ಬಂದ್ರೆ ಚಾಲಕನ ಕೋಣೆಯೇ ಕೆಳಗಿಳಿಯುತ್ತೆ, ನಾವು ಮೇಲಿನ ಡೆಕ್ಕಿನಿಂದ ಜಾಗ ಖಾಲಿ ಮಾಡಬೇಕು.

ಬುಡಾಪೆಸ್ಟಿನಲ್ಲಿ ಪಾರ್ಲಿಮೆಂಟಿನ ಹತ್ತಿರ ಹೊಳೆ ದಂಡೆಯಲ್ಲಿ ಅರವತ್ತು ಜೊತೆ ಕಬ್ಬಿಣದ ಶೂಗಳಿವೆ. 1944-45ರಲ್ಲಿ ಯಹೂದಿಗಳನ್ನು ಇದೇ ದಂಡೆಯಲ್ಲಿ ನಿಲ್ಲಿಸಿ, ಶೂ ಬಿಚ್ಚಿಸಿ, ಗುಂಡು ಹೊಡೆದು ನೀರಿಗೆ ಬೀಳಿಸುತ್ತಿದ್ದರಂತೆ. ಅದರ ನೆನಪಿಗೆ 2005ರಲ್ಲಿ ಮಾಡಿಟ್ಟಿದ್ದು. ಮಕ್ಕಳ ಶೂಗಳೂ ಇವೆ. ಅಮ್ಮ ಬಗ್ಗಿ ಒಂದು ಪುಟ್ಟ ಶೂ ಮುಟ್ಟಿ ನೋಡಿದಳು. ನಲವತ್ತು ವರ್ಷ ಪ್ರೈಮರಿ ಶಾಲೆ ಟೀಚರಾಗಿದ್ದವಳು. "ಒಂದನೇ ಕ್ಲಾಸಿನ ಮಗೂದು" ಅಂದಳು, ಅಷ್ಟೇ.

ಆಮೇಲಿನ ದಿನಗಳು ಚೆನ್ನಾಗಿದ್ದವು. ಅಮ್ಮನಿಗೆ ಅರಮನೆಗಳಿಗಿಂತ ಹಿಡಿಸಿದ್ದು ಲಾಕ್‌ಗಳು. ಬುಡಾಪೆಸ್ಟಿನಿಂದ ಪಾಸೌವರೆಗೆ ನಾವು ಹೋಗೋದು ಹೊಳೆಗೆ ಎದುರಾಗಿ, ಮೇಲಕ್ಕೆ. ದಾರಿಯಲ್ಲಿ ಹನ್ನೊಂದು ಅಣೆಕಟ್ಟುಗಳು. ಪ್ರತಿಯೊಂದರಲ್ಲೂ ಹಡಗು ಎರಡು ಗೋಡೆಗಳ ನಡುವೆ ನುಗ್ಗುತ್ತೆ, ಹಿಂದಿನ ಬಾಗಿಲು ಮುಚ್ಚುತ್ತೆ, ಮೇಲಿನ ಕಡೆಯ ನೀರನ್ನು ಒಳಗೆ ಬಿಡ್ತಾರೆ. ಪಂಪು ಗಿಂಪು ಏನೂ ಇಲ್ಲ, ನೀರು ತಾನಾಗೇ ಹರಿದು ಬಂದು ಹಡಗನ್ನು ಎತ್ತುತ್ತೆ. ಸ್ಲೋವಾಕಿಯಾದ ಗಬ್ಚಿಕೊವೊದಲ್ಲಿ ಏರಿಕೆ ಸುಮಾರು ಆರಂತಸ್ತಿನ ಮನೆಯಷ್ಟು. ರಾತ್ರಿ ಕಿಟಕಿಯ ಹೊರಗೆ ಬರೀ ಒದ್ದೆ ಕಾಂಕ್ರೀಟ್ ಗೋಡೆ. ಅದು ನಿಧಾನಕ್ಕೆ ಕೆಳಗೆ ಜಾರುತ್ತಾ ಹೋಗಿ, ಇದ್ದಕ್ಕಿದ್ದಂತೆ ದೀಪಗಳು ಕಾಣಿಸಿಕೊಂಡವು. "ಅಯ್ಯೋ, ಹಡಗಿಗೂ ಲಿಫ್ಟು!" ಅಂತ ಅಮ್ಮ ಮಗುವಿನ ಹಾಗೆ ನಕ್ಕಳು.

ವಿಯೆನ್ನಾ ಆಯ್ತು. ವಾಖೌ ಕಣಿವೆಯಲ್ಲಿ ದ್ರಾಕ್ಷಿ ತೋಟಗಳ ನಡುವೆ ಡ್ಯೂರ್ನ್‌ಸ್ಟೈನ್ ಬಂತು. ಕ್ರುಸೇಡಿನಿಂದ ವಾಪಸ್ಸಾಗುತ್ತಿದ್ದ ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು 1192ರಲ್ಲಿ ಹಿಡಿದು ಇಲ್ಲಿಯ ಕೋಟೆಯಲ್ಲೇ ಕೂಡಿ ಹಾಕಿದ್ದು. ಅಮ್ಮ ಸಪ್ಪೆ ಆಲೂಗಡ್ಡೆಗೆ ಚಟ್ನಿಪುಡಿ ಹಾಕಿಕೊಂಡು, ಪಕ್ಕದ ಟೇಬಲ್ಲಿನ ಕೆನಡಾದ ಅಜ್ಜಿಗೂ ಸ್ವಲ್ಪ ಬಡಿಸಿ, ಆಕೆಯ ಕಣ್ಣಲ್ಲಿ ನೀರು ಬರಿಸಿದ್ದಳು.

ಅದೇ ದಿನ ಸಂಜೆ ಊಟದ ಹಾಲಿನಲ್ಲಿ ಮುಂದಿನ ಕಾರ್ಯಕ್ರಮದ ಸ್ಲೈಡ್ ಹಾಕಿದರು. ಕೊನೆಯ ದಿನ: ಆಕ್ಟೋಬರ್‌ಫೆಸ್ಟ್. ಪರದೆ ತುಂಬಾ ನೊರೆ ಉಕ್ಕುವ ಮಗ್ಗುಗಳು! ಅಮ್ಮ ಓದಿದಳು, ನನ್ನ ಮುಖ ನೋಡಿದಳು, ಮೊಸರಿನ ಬಟ್ಟಲನ್ನು ಪಕ್ಕಕ್ಕಿಟ್ಟು ಎದ್ದು ಹೋದಳು.

ಮಾರನೇ ದಿನವೆಲ್ಲಾ ಮಾತಿಲ್ಲ. ಸಂಜೆ ಡೆಕ್ಕಿನಲ್ಲಿ ನಾನೇ ಶುರು ಮಾಡಿದೆ. "ಅಲ್ಲಿ ಸಂಸಾರವಂದಿಗರು ಬರ್ತಾರಮ್ಮಾ, ಮಕ್ಕಳು ಮರಿ ಎಲ್ಲಾ..." ಅಮ್ಮ ತಡೆದಳು. "ಬಿಯರಿಗೆ ನಂಗೆ ಬೇಜಾರಿಲ್ಲ. ನೀನು ಕುಡಿಯೋದೂ ನಂಗೆ ಗೊತ್ತು, ನಿನ್ನ ಮದುವೆಗೆ ಮುಂಚಿಂದ ಗೊತ್ತು. ಆದ್ರೆ ಸುಳ್ಳು ಹೇಳಿ ಕರ್ಕೊಂಡ್ ಬಂದ್ಯಲ್ಲಾ, ಅದು ನಿಮ್ಮಪ್ಪನ ಗುಣ. ಅವರು ಕುಡಿದಿದ್ದಕ್ಕಿಂತ ಜಾಸ್ತಿ ನೋಯಿಸಿದ್ದು ಅದೇನೆ."

ನನಗೆ ಬಾಯಿ ಬರಲಿಲ್ಲ. ಆಫೀಸಿನಲ್ಲಿ ಆಡಿಟ್ ಇದೆ, ಸ್ನೇಹಿತನಿಗೆ ಆಕ್ಸಿಡೆಂಟ್ ಆಗಿದೆ... ಅಪ್ಪನ ಆ ಸುಳ್ಳುಗಳನ್ನೆಲ್ಲಾ ನಾನೂ ಕೇಳಿ ಬೆಳೆದವನು. ಅಪ್ಪನ ಥರ ಆಗಬಾರದು ಅಂತ ಎರಡನೇ ಗ್ಲಾಸಿಗೆ ನಿಲ್ಲಿಸೋನು ನಾನು. ಲೆಕ್ಕ ಇಟ್ಟುಕೊಂಡಿದ್ದು ಗ್ಲಾಸಿಗೆ ಮಾತ್ರ ಅಂತ ಅವತ್ತು ಗೊತ್ತಾಯ್ತು.

25ಕ್ಕೆ ಪಾಸೌ. ಅಲ್ಲಿ ಮೂರು ಹೊಳೆ ಸೇರುತ್ತವೆ: ಡ್ಯಾನ್ಯೂಬ್, ಆಲ್ಪ್ಸ್‌ನಿಂದ ಬರುವ ಇನ್, ಕಾಡಿನಿಂದ ಬರುವ ಕಪ್ಪು ನೀರಿನ ಇಲ್ಟ್ಸ್. ಮೂರರ ಬಣ್ಣವೂ ಬೇರೆ ಬೇರೆ, ಸ್ವಲ್ಪ ದೂರದವರೆಗೆ ಬೆರೆಯದೆ ಹಾಗೇ ಹರಿಯುತ್ತವೆ. ಅಮ್ಮನ ತವರು ತಿರುಮಕೂಡಲು ನರಸೀಪುರದ ಕಡೆ. ಅಲ್ಲಿ ಕಾವೇರಿ, ಕಪಿಲೆ ಕಾಣ್ತವೆ, ಮೂರನೆಯದು ಗುಪ್ತಗಾಮಿನಿ. "ನಮ್ಮಲ್ಲಿ ಒಂದು ಬಚ್ಚಿಟ್ಕೊಂಡಿರುತ್ತೆ, ಇಲ್ಲಿ ಮೂರೂ ಕಾಣುತ್ತೆ" ಅಂದಳು. ಎರಡು ದಿನದ ಮೇಲೆ ತಾನಾಗೇ ಆಡಿದ ಮೊದಲ ಮಾತು.

ಅಲ್ಲಿಯ ಪುರಭವನದ ಗೋಡೆ ಮೇಲೆ ಪ್ರವಾಹದ ಮಟ್ಟಗಳನ್ನು ಗೆರೆ ಎಳೆದು ಇಸವಿ ಬರೆದಿದ್ದಾರೆ. 2013ರ ಗೆರೆ ನಮ್ಮ ತಲೆಗಿಂತ ಎಷ್ಟೋ ಮೇಲೆ. 12.89 ಮೀಟರ್ ಬಂದಿತ್ತಂತೆ, 1501ರ ನಂತರ ಅಷ್ಟು ನೀರು ಬಂದಿದ್ದೇ ಇಲ್ಲ. ಅಮ್ಮ ತಲೆಯೆತ್ತಿ ಬಹಳ ಹೊತ್ತು ನೋಡಿದಳು. "ನೀರು ಇಳಿದ ಮೇಲೂ ಅಳಿಸಿಲ್ಲ ನೋಡು." ಆಮೇಲೆ, "ನಡಿ, ನಿನ್ನ ಜಾತ್ರೇನೂ ನೋಡೇಬಿಡೋಣ" ಅಂದಳು. ಮ್ಯೂನಿಕ್ಕಿಗೆ ರೈಲಿನಲ್ಲಿ ಎರಡು ಗಂಟೆಗೂ ಸ್ವಲ್ಪ ಹೆಚ್ಚಿನ ದಾರಿ.

ಮಾರನೇ ದಿನ ಮಂಗಳವಾರ, ಸೆಪ್ಟೆಂಬರ್ 26. ಮಂಗಳವಾರ ಅಲ್ಲಿ ಸಂಸಾರಸ್ಥರ ದಿನ, ತಿರುಗಣೆ ತೊಟ್ಟಿಲುಗಳಿಗೆಲ್ಲಾ ರಿಯಾಯಿತಿ. ಆ ಮೈದಾನದ ಹೆಸರು ಥೆರೇಸಿಯನ್‌ವೀಸೆ. 1810ರ ಅಕ್ಟೋಬರಿನಲ್ಲಿ ಬವೇರಿಯಾದ ಯುವರಾಜ ಲುಡ್ವಿಗ್ ಥೆರೇಸ್ ಎಂಬ ರಾಜಕುಮಾರಿಯನ್ನು ಮದುವೆಯಾದಾಗ ಇಲ್ಲಿ ಕುದುರೆ ರೇಸ್ ನಡೆಸಿದ್ದರು. ಅವಳ ಹೆಸರೇ ಮೈದಾನಕ್ಕೆ, ಅದೇ ರೇಸ್ ಬೆಳೆದು ಈ ಜಾತ್ರೆ. "ಮದುವೆಯಿಂದಾನಾ ಶುರುವಾಗಿದ್ದು!" ಅಂತ ಅಮ್ಮ ವ್ಯಂಗ್ಯವಾಗಿ ನಕ್ಕಳು.

ಮುಖ್ಯ ದ್ವಾರದ ಹತ್ತಿರ ಒಂದು ಸ್ಮಾರಕ, ಅದರ ಮುಂದೆ ಹೂಗಳು. 1980ರಲ್ಲಿ ಇದೇ ತಾರೀಖು ಒಬ್ಬ ಬಲಪಂಥೀಯ ಉಗ್ರ ಇಲ್ಲಿ ಬಾಂಬ್ ಇಟ್ಟಿದ್ದ. ಅವನೂ ಸೇರಿ 13 ಜನ ಸತ್ತರು. ಒಂದು ನಿಮಿಷ ನಿಂತು ಒಳಗೆ ಹೋದೆವು.

ಡೇರೆ ಅಂದ್ರೆ ನಮ್ಮ ಪೆಂಡಾಲ್ ಅಂದ್ಕೋಬೇಡಿ, ಸಾವಿರಾರು ಜನ ಕೂರುವ ಮರದ ಅರಮನೆಗಳು. ಮ್ಯೂನಿಕ್ ನಗರದ ಆರು ಬ್ರೂವರಿಗಳಿಗೆ ಮಾತ್ರ ಇಲ್ಲಿ ಬಿಯರ್ ಮಾರುವ ಹಕ್ಕು. ಒಂದು ಮಗ್ಗಿಗೆ ಒಂದು ಲೀಟರ್, ಆ ವರ್ಷದ ಬೆಲೆ 12.60ರಿಂದ 14.90 ಯೂರೋ. ಸಂಜೆ ಆರರವರೆಗೆ ಸಂಗೀತದ ಸದ್ದು 85 ಡೆಸಿಬಲ್ ಮೀರಬಾರದು ಅಂತ 2005ರಿಂದ ನಿಯಮ, ಹಾಗಾಗಿ ಮಧ್ಯಾಹ್ನ ಬರೀ ವಾಲಗದ ಥರ ಹಿತ್ತಾಳೆ ಬ್ಯಾಂಡು. ಅಮ್ಮ ಚೀಸ್ ಹಾಕಿದ ಶ್ಪೆಟ್ಸ್‌ಲೆ ತಿಂದಳು, ಆಪಲ್ ಜ್ಯೂಸ್ ಸೋಡಾ ಕುಡಿದಳು. ನಾನೂ ಅದನ್ನೇ ತರಿಸಿಕೊಂಡೆ. "ಬೇಕಾದ್ರೆ ತಗೋ, ನಾಟಕ ಬೇಡ" ಅಂದಳು. ತಗೊಂಡೆ. ಅವಳ ಮುಂದೆ ಕುಡಿದಿದ್ದು ಅದೇ ಮೊದಲು. ಅರ್ಧಕ್ಕೇ ಸಾಕಾಯ್ತು.

ಎದುರಿಗೆ ಒಬ್ಬ ಅಜ್ಜ, ಒಬ್ಬಳು ಅಜ್ಜಿ. ಇಬ್ಬರಿಗೂ ಸೇರಿ ಒಂದೇ ಮಗ್ಗು. ಅಜ್ಜಿ ಕುಡಿದು ಅಜ್ಜನ ಕಡೆ ತಳ್ಳೋದು, ಅಜ್ಜ ಕುಡಿದು ವಾಪಸ್ ತಳ್ಳೋದು. ಅಮ್ಮ ಅವರನ್ನೇ ನೋಡುತ್ತಾ ಕೂತಿದ್ದಳು. ಇಲ್ಲಿಗೇ ಮುಗಿಸಿದ್ದರೆ ಒಂದು ಸೊಗಸಾದ ಕಥೆ ಆಗ್ತಿತ್ತೇನೋ...

ಆದರೆ ನಾವು ಹೊರಟಿದ್ದು ಮೈದಾನದ ಪಕ್ಕದ ದಿಬ್ಬದ ದಾರಿಯಲ್ಲಿ. ಮೇಲೆ ಹದಿನೆಂಟೂವರೆ ಮೀಟರ್ ಎತ್ತರದ ಬವೇರಿಯಾ ಕಂಚಿನ ಪ್ರತಿಮೆ, ಕೆಳಗೆ ಹುಲ್ಲಿನ ಮೇಲೆ ಹಾಡುಹಗಲೇ ಬಿದ್ದವರು, ವಾಂತಿ ಮಾಡುತ್ತಿದ್ದವರು. ಒಬ್ಬ ಗಂಡಸು ಕಣ್ಣು ಮುಚ್ಚಿ ಮಲಗಿದ್ದ. ಪಕ್ಕದಲ್ಲಿ ಒಬ್ಬ ಹೆಂಗಸು ಅವನ ಶೂಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಅಮ್ಮ ನಿಂತಳು. ಆಗಷ್ಟೇ ಕೊಂಡಿದ್ದ ನೀರಿನ ಬಾಟ್ಲಿಯನ್ನು ಅವಳ ಕೈಗೆ ಕೊಟ್ಟಳು. ಭಾಷೆ ಬರಲ್ಲ, ಆಕೆ ತಲೆ ಆಡಿಸಿದಳು, ಅಮ್ಮನೂ ಆಡಿಸಿದಳು.

ಸ್ವಲ್ಪ ದೂರ ಬಂದ ಮೇಲೆ ಅಮ್ಮ ಅಂದಳು, "ನಾನೂ ನಿಮ್ಮಪ್ಪನ ಚಪ್ಪಲಿ ಹಿಡ್ಕೊಂಡು ಬಸ್ ಸ್ಟ್ಯಾಂಡಲ್ಲಿ ಹಿಂಗೇ ಕೂತಿದ್ದೆ. ನೀನಾಗ ಎರಡನೇ ಕ್ಲಾಸು." ಆ ರಾತ್ರಿ ಹೋಟೆಲಿನಲ್ಲಿ ಅಪ್ಪನ ಬಗ್ಗೆ ಮಾತಾಡಿದೆವು. ಅವರು ಹೇಳುತ್ತಿದ್ದ ಜೋಕುಗಳು, ನನ್ನನ್ನು ಸೈಕಲ್ ಬಾರಿನ ಮೇಲೆ ಕೂರಿಸಿಕೊಂಡು ಸಂಗಮಕ್ಕೆ ಹೋಗುತ್ತಿದ್ದದ್ದು, ಅಮ್ಮನ ಬಳೆ ಅಡವಿಟ್ಟಿದ್ದು. ಹನ್ನೆರಡು ವರ್ಷದಲ್ಲಿ ಮೊದಲ ಸಲ.

ದೀಪ ಆರಿಸಿದ ಮೇಲೆ ಕೇಳಿದಳು, "ಅದರ ರುಚಿ ಹೆಂಗಿರುತ್ತೋ?"

"ಕಹಿ" ಅಂದೆ.

"ಮತ್ತೆ ಯಾಕೆ ಕುಡೀತಾರೆ?"

ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. "ಗೊತ್ತಿಲ್ಲಮ್ಮಾ" ಅಂದೆ. ನಿಜವಾಗಲೂ ಗೊತ್ತಿರಲಿಲ್ಲ.