ಗೋಣಿ ನುಂಗಿದ ನೀಲಿ ಬಿಲ್ಲೆ

ನಮ್ಮ ಮನೆ ನಾಯಿಯ ಹೆಸರು ಗೋಣಿ. ಮೂರು ವರ್ಷದ ಹಿಂದೆ ತಿಪಟೂರಿನ ಮಾರುಕಟ್ಟೆ ಹತ್ತಿರ, ಕೊಬ್ಬರಿ ತುಂಬುವ ಖಾಲಿ ಗೋಣಿಚೀಲದ ಮೇಲೆ ಮಲಗಿದ್ದ ಮರಿಯನ್ನು ಮೊಮ್ಮಗಳು ಪುಟ್ಟಿ ಎತ್ತಿಕೊಂಡು ಬಂದಳು. ಏನು ಹೆಸರಿಡುವುದು ಎಂದು ಮನೆಯಲ್ಲಿ ಒಂದು ವಾರ ಚರ್ಚೆ ನಡೆಯಿತು. ಅಷ್ಟರಲ್ಲಿ ಎಲ್ಲರೂ ‘ಆ ಗೋಣಿ ಮರಿ ಎಲ್ಲಿ?’ ಎಂದು ಕೇಳಿ ಕೇಳಿ ಅದೇ ನಿಂತುಹೋಯಿತು.

ಗೋಣಿಗೆ ತಿನ್ನುವುದಕ್ಕೆ ಇಂಥದ್ದೇ ಆಗಬೇಕೆಂದಿಲ್ಲ. ನನ್ನ ಹವಾಯಿ ಚಪ್ಪಲಿಯ ಪಟ್ಟಿ, ಪುಟ್ಟಿಯ ಒಂದು ಕಾಲುಚೀಲ (ಇನ್ನೊಂದು ಇವತ್ತಿಗೂ ಜೊತೆ ಕಾಯುತ್ತಿದೆ), ನನ್ನಾಕೆಯ ಅರ್ಧ ಕಟ್ಟು ಊದುಬತ್ತಿ ಎಲ್ಲವೂ ಅದರ ಹೊಟ್ಟೆಗೆ ಹೋಗಿವೆ. ಒಂದು ಸಲ ನನ್ನ ಪೆನ್ಷನ್ ಪಾಸ್‌ಬುಕ್ಕಿನ ಎರಡು ಹಾಳೆಯನ್ನೂ ಮುಗಿಸಿತು. ನಾನು ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿದ್ದವನು. ಡೂಪ್ಲಿಕೇಟ್ ಪಾಸ್‌ಬುಕ್ ಕೇಳಿ ಬಂದವರನ್ನು ‘ಹೇಗ್ರೀ ಕಳ್ಕೊಂಡ್ರಿ?’ ಎಂದು ಜೋರು ಮಾಡಿದವನು. ಈಗ ಅದೇ ಕೌಂಟರಿನ ಈಚೆ ನಿಂತು ‘ನಾಯಿ ತಿಂತಮ್ಮ’ ಎಂದು ಹೇಳಬೇಕಾಯಿತು. ಆ ಹುಡುಗಿ ನಗದೆ ಫಾರಂ ಕೊಟ್ಟಳು. ನಕ್ಕಿದ್ದರೇ ವಾಸಿಯಿತ್ತು.

ಇಷ್ಟೆಲ್ಲ ತಿಂದರೂ ಅದಕ್ಕೆ ಏನೂ ಆಗಿರಲಿಲ್ಲ. ಆದ್ದರಿಂದ ನನಗೂ ಧೈರ್ಯ ಬಂದುಬಿಟ್ಟಿತ್ತು.

ನಮ್ಮ ಕಡೆ ಅಟ್ಟದ ಮೇಲೆ ತೆಂಗಿನಕಾಯಿ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರೆಲ್ಲ ಆರಿ ಉಂಡೆ ಕೊಬ್ಬರಿಯಾಗುತ್ತದೆ. ಕಾಯಿ ಅಲ್ಲಾಡಿಸಿದರೆ ಒಳಗೆ ಗಡಗಡ ಸದ್ದಾಗಬೇಕು, ಆಗ ಸುಲಿಯುವುದು. ಅಷ್ಟು ದಿನ ಅದನ್ನು ಇಲಿಯಿಂದ ಕಾಯುವುದೇ ಕಷ್ಟ. ಹೋದ ವರ್ಷ ರಾತ್ರಿಯೆಲ್ಲ ಕರಕರ ಸದ್ದು ಕೇಳಿ ಕೇಳಿ ಸಾಕಾಗಿ, ಅಂಗಡಿಯಿಂದ ಒಂದು ಪೊಟ್ಟಣ ಇಲಿಪಾಷಾಣದ ಬಿಲ್ಲೆ ತಂದೆ. ನೀಲಿ ಬಣ್ಣ, ಕಾಳಿನ ಹಿಟ್ಟಿನ ವಾಸನೆ.

‘ರೀ, ಕೆಳಗಡೆ ಎಲ್ಲೂ ಇಡಬೇಡಿ, ಗೋಣಿ ಓಡಾಡ್ತದೆ’ ಎಂದಳು ನನ್ನಾಕೆ.

‘ಇಲ್ಲ ಮಾರಾಯ್ತಿ’ ಎಂದೆ. ಆರು ಬಿಲ್ಲೆ ಅಟ್ಟದ ಮೇಲಿಟ್ಟೆ. ಉಳಿದ ನಾಲ್ಕನ್ನು, ಅವಳು ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ, ಅಕ್ಕಿ ಡ್ರಮ್ಮಿನ ಹಿಂದೆ ಸರಿಸಿದೆ. ಹಳೇ ಅಭ್ಯಾಸ, ಡೈರಿಯಲ್ಲಿ ಬರೆದೂ ಇಟ್ಟೆ: ಅಟ್ಟ 6, ಕೆಳಗೆ 4, ಒಟ್ಟು 10. ಮಾರನೇ ದಿನ ಡ್ರಮ್ಮಿನ ಹಿಂದೆ ನೋಡಿದರೆ ನಾಲ್ಕೂ ಇಲ್ಲ. ಇಲಿ ತಿಂದಿತೆಂದು ಖುಷಿಪಟ್ಟೆ. ಡೈರಿಯಲ್ಲಿ ‘4 ಖರ್ಚು’ ಎಂದು ಬರೆದೆ.

ಮೂರನೇ ದಿನ ಬೆಳಿಗ್ಗೆ ಪುಟ್ಟಿ ಹಿತ್ತಲಿನಿಂದ ಕೂಗಿದಳು. ‘ತಾತ, ಬನ್ನಿ ಇಲ್ಲಿ! ಗೋಣಿ ಕಕ್ಕ ಹಸಿರುಹಸಿರಾಗಿದೆ!’

ಹೋಗಿ ನೋಡಿದೆ. ಹಸಿರಲ್ಲ, ನೀಲಿ ಬೆರೆತ ಹಸಿರು. ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ಗೊತ್ತಾಗಿಯೂ, ‘ಗರಿಕೆ ತಿಂದಿರಬೇಕು ಬಿಡಮ್ಮ, ನಾಯಿ ಹೊಟ್ಟೆ ಕೆಟ್ಟರೆ ಹುಲ್ಲು ತಿಂತವೆ’ ಎಂದೆ. ಎಪ್ಪತ್ತು ದಾಟಿದವನು ಹನ್ನೊಂದು ವರ್ಷದ ಮಗುವಿಗೆ ಹೇಳಿದ ಸುಳ್ಳು. ಅಕ್ಕಿ ಡ್ರಮ್ಮಿನ ವಿಷಯ ಹೊರಬಿದ್ದರೆ ಮನೆಯಲ್ಲಿ ನನ್ನ ಮಾನ ಏನಾಗುತ್ತದೆ ಎಂಬ ಒಂದೇ ಯೋಚನೆ ನನಗೆ. ಗೋಣಿ ಬಾಲ ಅಲ್ಲಾಡಿಸುತ್ತ ಚೆನ್ನಾಗಿಯೇ ಇತ್ತಲ್ಲ, ಅದೂ ಒಂದು ನೆಪವಾಯಿತು. ಪುಟ್ಟಿ ನನ್ನ ಮಾತು ನಂಬಿ ಸ್ಕೂಲಿಗೆ ಹೋದಳು.

ಮಧ್ಯಾಹ್ನ ಗೋಣಿ ಬಿಸ್ಕೆಟ್ ಮೂಸಿ ನೋಡಿ ಮುಖ ತಿರುಗಿಸಿತು. ಚಪ್ಪಲಿ ತಿನ್ನುವ ನಾಯಿ ಬಿಸ್ಕೆಟ್ ಬೇಡವೆಂದರೆ! ತುಟಿ ಎತ್ತಿ ನೋಡಿದೆ, ವಸಡು ಬಿಳಿಚಿಕೊಂಡಿತ್ತು. ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನಾಕೆಗೆ ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ‘ಪೊಟ್ಟಣ ತಗೊಳ್ಳಿ, ಆಟೋ ಕರೀರಿ’ ಎಂದಳು, ಅಷ್ಟೇ. ಆಟೋ ಬರುವಷ್ಟರಲ್ಲಿ ಪಕ್ಕದ ಮನೆಯವರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಲೋಟ ಹಿಡಿದು ಬಂದರು. ಕುಡಿಸುವ ಮೊದಲೇ ಹೊರಟೆವು, ಪುಣ್ಯ.

ಪಶು ಆಸ್ಪತ್ರೆಯ ಡಾಕ್ಟರಮ್ಮ ಪೊಟ್ಟಣ ಓದಿದರು. ಬ್ರೊಮಾಡಿಯೊಲೋನ್, 0.005 ಪರ್ಸೆಂಟ್. ‘ಎಷ್ಟು ತಿಂದಿದೆ, ಯಾವಾಗ?’ ಎಂದು ಕೇಳಿದರು. ನಾನು ಡೈರಿ ತೆಗೆದು ತೋರಿಸಿದೆ. ‘ಇಷ್ಟು ಸರಿಯಾಗಿ ಯಾರೂ ಹೇಳಲ್ಲ ಯಜಮಾನ್ರೇ, ಪೊಟ್ಟಣ ತಂದಿದ್ದೂ ಒಳ್ಳೇದಾಯ್ತು’ ಎಂದರು. ಆ ಹೊಗಳಿಕೆ ನನಗೆ ಸೇರಲಿಲ್ಲ.

ವಾಂತಿ ಮಾಡಿಸುವ ಹೊತ್ತು ಮೀರಿತ್ತು. ತಿಂದ ಕೆಲವು ಗಂಟೆಯೊಳಗಾದರೆ ಮಾತ್ರ ಅದು ಉಪಯೋಗ, ಅದನ್ನೂ ಡಾಕ್ಟರೇ ಮಾಡಬೇಕು. ಉಪ್ಪುನೀರಿನ ಮಾತು ತೆಗೆದಿದ್ದಕ್ಕೆ ಅವರು ಗಾಬರಿಯಾದರು. ಹೆಚ್ಚು ಉಪ್ಪು ಹೊಟ್ಟೆಗೆ ಹೋದರೆ ಅದೇ ನಾಯಿಯ ಪ್ರಾಣ ತೆಗೆಯಬಹುದಂತೆ.

ಮೂರು ದಿನ ಸುಮ್ಮನಿದ್ದ ವಿಷ ಈಗ ಏಕೆ ಕೆಲಸ ಮಾಡಿತು ಎಂದು ಕೇಳಿದೆ. ಅವರು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ವಸ್ತುಗಳನ್ನು ಲಿವರ್ ತಯಾರಿಸುತ್ತದೆ. ಅದಕ್ಕೆ ವಿಟಮಿನ್ ಕೆ ಬೇಕು. ಈ ವಿಷ ಆ ವಿಟಮಿನ್ನಿಗೆ ಅಡ್ಡಗಾಲು ಹಾಕುತ್ತದೆ. ಅಂದರೆ ಖಾತೆಗೆ ಹೊಸ ಜಮೆ ನಿಂತುಹೋಗಿದೆ, ಆದರೆ ಹಳೇ ಬ್ಯಾಲೆನ್ಸ್ ಇರುವಷ್ಟು ದಿನ ಚೆಕ್ ಪಾಸಾಗುತ್ತಲೇ ಇರುತ್ತದೆ. ಬ್ಯಾಲೆನ್ಸ್ ಮುಗಿದ ದಿನ ಒಳಗೊಳಗೇ ರಕ್ತ ಸೋರಲು ಶುರು. ತಿಂದು ದಿನಗಟ್ಟಲೆ ಏನೂ ಆಗದ್ದರಿಂದಲೇ ಇಲಿಗಳಿಗೂ ಈ ಬಿಲ್ಲೆಯ ಮೇಲೆ ಅನುಮಾನ ಬರುವುದಿಲ್ಲ.

ಕೇಳುತ್ತ ಕೇಳುತ್ತ ನನ್ನ ಕೈ ಜೇಬಿಗೆ ಹೋಯಿತು. ಎಂಟು ವರ್ಷದ ಹಿಂದೆ ನನ್ನ ಹೃದಯಕ್ಕೆ ಲೋಹದ ಕವಾಟ ಹಾಕಿದ್ದಾರೆ. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲಿ ಎಂದು ದಿನಾ ರಾತ್ರಿ ವಾರ್ಫರಿನ್ ಮಾತ್ರೆ ನುಂಗುತ್ತೇನೆ. ಡಾಕ್ಟರಮ್ಮನಿಗೆ ತೋರಿಸಿದೆ. ‘ಹೌದು, ಒಂದೇ ವಂಶ’ ಎಂದು ನಕ್ಕರು.

ಆಮೇಲೆ ಪುಟ್ಟಿ ಮೊಬೈಲಿನಲ್ಲಿ ಹುಡುಕಿ ಅದರ ಕಥೆ ಓದಿ ಹೇಳಿದಳು. 1920ರ ಸುಮಾರಿಗೆ ಅಮೆರಿಕ ಮತ್ತು ಕೆನಡಾದಲ್ಲಿ ಬೂಷ್ಟು ಹಿಡಿದ ‘ಸ್ವೀಟ್ ಕ್ಲೋವರ್’ ಎಂಬ ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವಂತೆ. 1933ರಲ್ಲಿ ಒಬ್ಬ ರೈತ ಹಿಮಗಾಳಿಯಲ್ಲಿ ಸತ್ತ ಹಸುವನ್ನೂ, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತವನ್ನೂ ವಿಸ್ಕಾನ್ಸಿನ್ನಿನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯಕ್ಕೆ ತಂದ. ಅಲ್ಲಿಂದ ಶುರುವಾದ ಹುಡುಕಾಟದಿಂದ ವಾರ್ಫರಿನ್ ಹುಟ್ಟಿತು. 1948ರಲ್ಲಿ ಅದು ಇಲಿಪಾಷಾಣ. ಕೆಲವೇ ವರ್ಷದಲ್ಲಿ ಮನುಷ್ಯರ ಔಷಧಿ. 1955ರಲ್ಲಿ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಇದನ್ನೇ ಕೊಟ್ಟರಂತೆ. ‘ತಾತ, ನೀವು ದಿನಾ ಇಲಿಪಾಷಾಣ ತಿಂತೀರಾ!’ ಎಂದು ಪುಟ್ಟಿ ಕಣ್ಣರಳಿಸಿದಳು. ಇಡೀ ತರಗತಿಗೆ ಹೇಳಿಕೊಂಡೂ ಬಂದಳು.

ಆದರೆ ಆ ದಿನ ಸಂಜೆ ನಗು ಇರಲಿಲ್ಲ. ಗೋಣಿಗೆ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟರು. ಸೂಜಿ ಚುಚ್ಚಿದ ಜಾಗದಿಂದ ರಕ್ತ ನಿಲ್ಲದೆ ಜಿನುಗುತ್ತಿತ್ತು. ಹತ್ತಿ ಒತ್ತಿ ಹಿಡಿದುಕೊಂಡು ಕೂತೆ. ಸ್ಕೂಲಿನಿಂದ ನೇರ ಬಂದ ಪುಟ್ಟಿಗೆ ನಾನೇ ಹೇಳಿದೆ: ‘ಬೆಳಿಗ್ಗೆ ಗರಿಕೆ ಅಂದೆನಲ್ಲ, ಅದು ಸುಳ್ಳು. ನಾನಿಟ್ಟ ಬಿಲ್ಲೆ ತಿಂದಿದೆ.’ ಅವಳು ಏನೂ ಅನ್ನಲಿಲ್ಲ. ನನ್ನ ಪಕ್ಕ ಕೂರದೆ ಬೆಂಚಿನ ಆ ತುದಿಯಲ್ಲಿ, ಗೋಣಿಯ ತಲೆ ಹತ್ತಿರ ಕೂತಳು. ಎರಡು ದಿನ ನನ್ನ ಜೊತೆ ಮಾತಿಲ್ಲ.

ಈ ವಿಷ ದೇಹದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಹಾಗಾಗಿ ನಾಯಿ ಕುಣಿದಾಡಿದರೂ ಮಾತ್ರೆ ನಿಲ್ಲಿಸುವಂತಿಲ್ಲ. ನಾಲ್ಕು ವಾರ ಕೊಡಬೇಕಾಯಿತು, ಅದೂ ಜಿಡ್ಡಿನ ಜೊತೆ, ಆಗಲೇ ಮೈಗೆ ಹತ್ತುವುದು. ತುಪ್ಪ ಸವರಿದ ಇಡ್ಲಿಯೊಳಗೆ ಪುಟ್ಟಿ ಮಾತ್ರೆ ಹುದುಗಿಸಿ ಕೊಡುವಳು. ಗೋಣಿಯ ಮಾತ್ರೆ ನನಗೆ ವೈರಿ, ನನ್ನ ಮಾತ್ರೆ ಅದಕ್ಕೆ ವೈರಿ. ಆದ್ದರಿಂದ ಎರಡು ಡಬ್ಬಿ, ಎರಡು ಕಪಾಟು, ಎರಡಕ್ಕೂ ಚಿಲಕ. ನನ್ನಾಕೆಯದೇ ಏರ್ಪಾಡು.

ಇನ್ನೇನೇನು ಕೊಡಬಾರದು ಎಂದು ಪುಟ್ಟಿ ಡಾಕ್ಟರಮ್ಮನನ್ನು ಕೇಳಿ ಬರೆದುಕೊಂಡಿದ್ದಳು. ಚಾಕೊಲೇಟಿನಲ್ಲಿರುವ ಥಿಯೋಬ್ರೊಮಿನ್ ಅನ್ನು ನಾಯಿಯ ದೇಹ ಬೇಗ ಕರಗಿಸಲಾರದು. ಈರುಳ್ಳಿ, ಬೆಳ್ಳುಳ್ಳಿ ಅದರ ರಕ್ತಕಣ ಒಡೆಯುತ್ತವೆ. ಮಾವಿನ ಓಟೆ ಕರುಳಿಗೆ ಅಡ್ಡ ಸಿಕ್ಕಿಕೊಳ್ಳುತ್ತದೆ. ದ್ರಾಕ್ಷಿ, ಒಣದ್ರಾಕ್ಷಿಯಿಂದ ಮೂತ್ರಪಿಂಡ ಕೆಡಬಹುದು ಎಂದು ಓದಿದಾಗ ನನ್ನಾಕೆ ಸೌಟು ಹಿಡಿದು ನಿಂತುಬಿಟ್ಟಳು. ‘ಅಯ್ಯೋ, ಹಬ್ಬದ ಪಾಯಸ ನಾನೇ ಹಾಕ್ತಿದ್ದೆನಲ್ರೀ!’ ಆ ಮನೆಯಲ್ಲಿ ನಾನೊಬ್ಬನೇ ಅಪರಾಧಿಯಲ್ಲ ಎಂದು ನನಗೆ ಸ್ವಲ್ಪ ಸಮಾಧಾನವಾಯಿತು, ಸುಳ್ಳೇಕೆ ಹೇಳಲಿ.

ಕೊನೆಯ ಮಾತ್ರೆಯಾಗಿ ಎರಡು ದಿನಕ್ಕೆ ಗೋಣಿಯ ರಕ್ತ ಪರೀಕ್ಷೆ. ಅದೇ ವಾರ ನನ್ನದೂ ಇತ್ತು. ಎರಡು ರಿಪೋರ್ಟೂ ಸರಿಯಾಗಿ ಬಂದವು. ಗೋಣಿಯ ರಕ್ತ ಬೇಗ ಹೆಪ್ಪುಗಟ್ಟಬೇಕು, ನನ್ನದು ನಿಧಾನವಾಗಿ. ಡೈರಿಯಲ್ಲಿ ಎರಡನ್ನೂ ಅಕ್ಕಪಕ್ಕ ಬರೆದೆ. ಪುಟ್ಟಿ ಓದಿ ನೋಡಿ, ನಮ್ಮ ಬ್ಯಾಂಕಿನಲ್ಲಿ ಆಫೀಸರು ಹಾಕುತ್ತಿದ್ದ ಹಾಗೆ, ಪಕ್ಕದಲ್ಲಿ ತನ್ನ ಚಿಕ್ಕ ಸಹಿ ಹಾಕಿದಳು.

ಅಟ್ಟದ ಬಿಲ್ಲೆಗಳನ್ನು ಎಣಿಸಿ ತೆಗೆದಾಯಿತು. ಈಗ ಬೋನು ತಂದಿದ್ದೇನೆ. ಅದರೊಳಗೆ ಸಿಕ್ಕಿಸಲು ಸುಟ್ಟ ಕೊಬ್ಬರಿ ಚೂರನ್ನು ನಿನ್ನೆ ಮೆಟ್ಟಿಲ ಮೇಲಿಟ್ಟು, ಕನ್ನಡಕ ತರಲು ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ಚೂರು ಇರಲಿಲ್ಲ. ಗೋಣಿ ಗೋಡೆ ಕಡೆ ನೋಡುತ್ತಿತ್ತು.